ದಕ್ಷಿಣಕ್ಕೆ ಬಾರದ ಟ್ರ್ಯಾಕ್ಟರು

ಟ್ರ್ಯಾಕ್ಟರಿಗೂ ಸುಳಿ ಇರುತ್ತದೆ ಎಂಬ ವಿಷಯ ಅದನ್ನು ಮಾಡಿದ ಕಂಪನಿಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮೂರಿನ ಜಯದೇವಪ್ಪನವರಿಗೆ ಗೊತ್ತಿತ್ತು. ನ್ಯಾಮತಿ, ಹೊನ್ನಾಳಿ ಸುತ್ತಿನಲ್ಲಿ ಯಾರೇ ಎತ್ತು ಕೊಳ್ಳಲಿ, ಅದರ ಮೈಮೇಲೆ ಕೂದಲು ಎಲ್ಲೆಲ್ಲಿ ಸುತ್ತಿಕೊಂಡಿದೆ, ಯಾವ ಕಡೆ ಮುಖ ಮಾಡಿದೆ ಎಂದು ಮೊದಲು ಅವರು ನೋಡಬೇಕು. ಈ ಸುಳಿ ಮನೆ ಬೆಳಗುತ್ತದೆ, ಈ ಸುಳಿ ಮನೆ ಮುಳುಗಿಸುತ್ತದೆ ಎಂದು ಅವರು ಹೇಳಿದ ಮೇಲೆಯೇ ವ್ಯಾಪಾರ. ಊರಿಗೆ ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾದ ಮೇಲೆ ಅವರ ವಿದ್ಯೆಗೆ ಕೆಲಸವಿಲ್ಲದಂತಾಯಿತು. ಆದರೆ ವಿದ್ಯೆ ಸುಮ್ಮನೆ ಕೂರುವ ಜಾತಿಯದಲ್ಲ, ಎಲ್ಲಾದರೂ ಹೋಗಿ ಹತ್ತಿಕೊಳ್ಳುತ್ತದೆ. ಅದು ಹೋಗಿ ಹತ್ತಿಕೊಂಡದ್ದು ಬೆನಕಪ್ಪನ ಟ್ರ್ಯಾಕ್ಟರಿಗೆ.

ಬೆನಕಪ್ಪ ನನ್ನ ಪಕ್ಕದ ಮನೆಯವನು. ನಾನು ಟೇಲರು. ನನ್ನ ಮಿಷನ್ನು ಇರುವುದು ಬೀದಿ ಬದಿಯ ಜಗಲಿಯಲ್ಲಿ. ಕಾಲು ಪೆಡಲಿನ ಮೇಲೆ, ಕಣ್ಣು ಸೂಜಿಯ ಮೇಲೆ, ಕಿವಿ ಬೆನಕಪ್ಪನ ಅಂಗಳದ ಮೇಲೆ ಇಟ್ಟುಕೊಂಡು ಎಷ್ಟೋ ವರ್ಷ ಹೊಲಿದವನು. ನೆರೆಮನೆಯ ವಿಷಯದಲ್ಲಿ ಮೂಗು ತೂರಿಸಬಾರದು ಎನ್ನುತ್ತಾರೆ. ನಾನು ಯಾವತ್ತೂ ಮೂಗು ತೂರಿಸಿಲ್ಲ, ಕಿವಿ ಅಷ್ಟೇ.

ಇದು ಎಂಬತ್ತೊಂದನೇ ಇಸವಿಯ ಮಾತು. ಆಗ ಡೀಸೆಲ್ಲು ಹೊನ್ನಾಳಿಯ ಬಂಕಿನಿಂದ ಡ್ರಮ್ಮಿನಲ್ಲಿ ಬರಬೇಕಿತ್ತು. ಡೀಸೆಲ್ಲಿನ ಜೊತೆಗೆ ತುಕ್ಕು, ಮಣ್ಣು, ನೀರು, ಒಮ್ಮೊಮ್ಮೆ ಒಂದು ಜಿರಲೆ, ಎಲ್ಲವೂ ಬರುತ್ತಿದ್ದವು. ಹಾಗಾಗಿ ಟ್ಯಾಂಕಿಗೆ ಸುರಿಯುವಾಗ ಲಾಳಿಕೆಯ ಬಾಯಿಗೆ ಹಳೇ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ ಹಿಡಿಯಬೇಕು. ಹಿಡಿಯುತ್ತಿದ್ದವಳು ಬೆನಕಪ್ಪನ ಹೆಂಡತಿ ಸರ್ವಮಂಗಳಮ್ಮ. ನೀಲಿ ಬಣ್ಣದ, ಸಣ್ಣ ಹಳದಿ ಹೂವಿನ ಸೀರೆ ತುಂಡು. ಅವನು ಕ್ಯಾನು ಎತ್ತಿ ಸುರಿಯುವನು, ಇವಳು "ನಿಧಾನಕ್ಕೆ ಸುರೀರಿ, ಯಾರೂ ಅಟ್ಟಿಸ್ಕೊಂಡು ಬಂದಿಲ್ಲ" ಎನ್ನುವಳು. ಸುರಿದಾದ ಮೇಲೆ ಬಟ್ಟೆ ಜಾಲಿಸಿ ಹಿಂಡಿ ಕೊಟ್ಟಿಗೆಯ ಮೊಳೆಗೆ ನೇತುಹಾಕುವಳು. ಅತ್ತೆ ಇರುವ ಮನೆಯಲ್ಲಿ ಹಗಲು ಹೊತ್ತು ಗಂಡ ಹೆಂಡತಿ ತಲೆಗೆ ತಲೆ ತಾಗುವಷ್ಟು ಹತ್ತಿರ ನಿಂತು ಮಾತಾಡುತ್ತಿದ್ದುದು ಅದೊಂದೇ ಸಮಯ. ಟ್ರ್ಯಾಕ್ಟರು ಎಷ್ಟು ಡೀಸೆಲ್ಲು ಕುಡಿದರೂ ಬೆನಕಪ್ಪ ಬೇಸರಪಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ.

ಇಂಥವನ ನಾಲಿಗೆಯ ಮೇಲೆ ಒಂದು ದಿನ ಶನಿ ಬಂದು ಕೂತಿತು. ದಾವಣಗೆರೆಯಲ್ಲಿ ಯಾರದೋ ಟ್ರ್ಯಾಕ್ಟರಿಗೆ ಗಾಜಿನ ಫಿಲ್ಟರು ಹಾಕಿದ್ದನ್ನು ನೋಡಿ ಬಂದಿದ್ದ. ಸರ್ವಮಂಗಳಮ್ಮ ಬಟ್ಟೆ ಹಿಡಿದು ನಿಂತಿದ್ದಾಳೆ, ಜಯದೇವಪ್ಪನವರೂ ಇನ್ನೂ ನಾಲ್ಕು ಜನರೂ ಜಗಲಿಯ ಮೇಲಿದ್ದಾರೆ, ಆಗ ಹೇಳಿದ: "ಈ ಬಟ್ಟೆ ಹಿಡಿಯೋದೆಲ್ಲ ಹಳೇ ಕಾಲದ್ದು ಕಣ್ರಿ. ಒಂದು ಗಾಜಿನ ಬಟ್ಲು ಹಾಕಿಬಿಟ್ರೆ ಇವಳ ಕೆಲಸ ಪೂರ್ತಿ ಅದೇ ಮಾಡ್ತೈತೆ. ಮಾತೂ ಆಡಲ್ಲ."

ಜಗಲಿಯವರು ನಕ್ಕರು. ಸರ್ವಮಂಗಳಮ್ಮ ಬಟ್ಟೆ ಜಾಲಿಸಿದಳು, ಹಿಂಡಿದಳು, ಮೊಳೆಗೆ ಹಾಕಿದಳು. ಆಮೇಲೆ, "ಹಂಗಾರೆ ಗಾಜೇ ಹಾಕಿಸ್ಕೊಳ್ರಿ. ಸೊಕ್ಕೆಯಾಗೆ ಅಣ್ಣನ ಮಗೀನ ತೊಟ್ಲು ಐತೆ, ಹೋಗಿ ಬರ್ತೀನಿ" ಎಂದು ಮರುದಿನದ ಬಸ್ಸಿಗೆ ಜಗಳೂರು ಕಡೆಯ ತನ್ನ ತವರಿಗೆ ಹೊರಟುಹೋದಳು.

ಹೋಗುವುದಾಯಿತು, ಬರುವುದಾಗಲಿಲ್ಲ. ತೊಟ್ಟಿಲಿಗೆ ಹಾಕಿದ ಕೂಸು ಬೋರಲು ಬೀಳುವ ಹೊತ್ತಾದರೂ ಸರ್ವಮಂಗಳಮ್ಮ ಬರಲಿಲ್ಲ. ಬೆನಕಪ್ಪ ಸಂಜೆಯಾದರೆ ನ್ಯಾಮತಿ ಬಸ್‌ಸ್ಟ್ಯಾಂಡಿಗೆ ಹೋಗತೊಡಗಿದ. ದಾವಣಗೆರೆ ಬಸ್ಸು ಬಂದು, ಕೊನೆಯ ಮುದುಕಿ ಇಳಿದು, ಕಂಡಕ್ಟರು ಬಾಗಿಲು ಹಾಕುವವರೆಗೂ ನಿಂತಿರುವನು. ಯಾಕೆ ಬಂದೆ ಎಂದು ಯಾರಾದರೂ ಕೇಳಿದರೆ, "ಒಂದು ಬೋಲ್ಟು ಬೇಕಿತ್ತು" ಎನ್ನುವನು. ಹೇಳಿದ ಸುಳ್ಳಿಗೆ ಮರ್ಯಾದೆ ಕೊಡಬೇಕಲ್ಲ, ದಿನಾ ಒಂದು ಬೋಲ್ಟು ಕೊಂಡು ತರುವನು. ಅವನ ತಾಯಿ ಕೊಟ್ರಮ್ಮ ಬೋಲ್ಟಿನ ಡಬ್ಬಿ ನೋಡಿ, "ಇಷ್ಟು ಯಾತಕ್ಕೋ ಬೆನಕ, ಮನೆ ಬಿಗಿಯಾಕಾ? ಹೋಗಿ ಸೊಸೇನ ಕರ್ಕೊಂಡು ಬಾರೋ" ಎಂದಳು.

"ಗಾಜು ಹಾಕಿಸ್ದೆ ಯಾವ ಮುಖ ಇಟ್ಕೊಂಡು ಹೋಗ್ಲವ್ವ?" ಎಂದ ಅವನು.

ಇವನ ಲೆಕ್ಕಾಚಾರ ನೋಡಿ. ಗಾಜು ಕೆಲಸ ಮಾಡಿದರೆ ಹೆಂಡತಿ ಬೇಡ ಎಂದಂತೆ, ಮಾಡದಿದ್ದರೆ ಇವನ ಮಾತು ಮಣ್ಣಾದಂತೆ. ಯಾವ ಕಡೆಯಿಂದ ಹೋದರೂ ಸೋಲುವ ಜೂಜಿಗೆ ಈ ಮನುಷ್ಯ ಕಚ್ಚೆ ಕಟ್ಟಿ ನಿಂತಿದ್ದ. ಆ ಸೀರೆ ತುಂಡು ಮಾತ್ರ ಮೊಳೆಯ ಮೇಲೆಯೇ ಇತ್ತು. ಕೊಟ್ರಮ್ಮ ಒಮ್ಮೆ ಒಲೆಯ ಪಾತ್ರೆ ಇಳಿಸಲು ಅದನ್ನು ತೆಗೆದುಕೊಂಡಿದ್ದಕ್ಕೆ ಕಿತ್ತುಕೊಂಡು ಮತ್ತೆ ಅಲ್ಲೇ ಹಾಕಿದ.

ಕೊನೆಗೆ ದಾವಣಗೆರೆಯಿಂದ ಫಿಲ್ಟರು ತಂದ. ಅಂಗೈಯಷ್ಟು ಅಲ್ಯೂಮಿನಿಯಂ ತಲೆ, ಅದರ ಕೆಳಗೆ ಗಾಜಿನ ಬಟ್ಟಲು, ಒಳಗೆ ಸಣ್ಣ ಜಾಲರಿ. ತಲೆಯ ಮೇಲೆ ಎದ್ದು ಕಾಣುವಂತೆ ಒಂದು ಬಾಣದ ಗುರುತು. ಡೀಸೆಲ್ಲು ಯಾವ ಕಡೆಗೆ ಹರಿಯಬೇಕು ಎಂದು ತೋರಿಸುವುದಷ್ಟೇ ಆ ಬಾಣದ ಕೆಲಸ. ನ್ಯಾಮತಿಯಲ್ಲಿ ಮೆಕ್ಯಾನಿಕ್ ಇದ್ದ. ಬೆನಕಪ್ಪ ಮಾತ್ರ, "ಪೈಪು ಕತ್ತರ್ಸಿ ಮಧ್ಯ ಸಿಗಿಸಾಕೆ ಮೆಕ್ಯಾನಿಕ್ ಯಾಕೆ? ಟೇಲರಣ್ಣ, ನಿನ್ನ ಕತ್ರಿ ಕೊಡು" ಎಂದ.

ಬಟ್ಟೆಯ ಕತ್ತರಿಯಲ್ಲಿ ಕಾಗದವನ್ನೂ ಕತ್ತರಿಸಬಾರದು ಎಂದು ನನಗೆ ಕೆಲಸ ಕಲಿಸಿದವನು ಹೇಳಿದ್ದ. ರಬ್ಬರ್ ಪೈಪಿನ ಬಗ್ಗೆ ಏನೂ ಹೇಳಿರಲಿಲ್ಲ, ಅಂಥ ಮನುಷ್ಯರು ಇರುತ್ತಾರೆಂದು ಅವನಿಗೆ ತೋಚಿರಲಿಕ್ಕಿಲ್ಲ. ಆಗುವುದಿಲ್ಲ ಎಂದೆ. ಬೆನಕಪ್ಪ ಹತ್ತಿರ ಬಂದು ದನಿ ತಗ್ಗಿಸಿ, "ಬೇಗ ಆದ್ರೆ ಬೇಗ ಸೊಕ್ಕೆಗೆ ಹೋಗಬೋದು ಅಣ್ಣ" ಎಂದ. ನಾನು ಕತ್ತರಿ ಕೊಟ್ಟೆ. ಅವತ್ತಿನಿಂದ ಅದು ಪಾಪ್ಲಿನ್ ಕೂಡ ಕತ್ತರಿಸುವುದಿಲ್ಲ, ಅಗಿಯುತ್ತದೆ.

ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪನ್ನು ಕತ್ತರಿಸಿ, ಮೊಣಕೈವರೆಗೆ ಡೀಸೆಲ್ಲು ಇಳಿಸಿಕೊಂಡು, ಮಧ್ಯ ಫಿಲ್ಟರು ಸಿಗಿಸಿ ಎರಡೂ ಕಡೆ ಕ್ಲಿಪ್ಪು ಬಿಗಿದ. ಪೈಪಿನೊಳಗೆ ಸೇರಿದ ಗಾಳಿ ಹೊರಗೆ ಹೋಗಲೆಂದು ಪಂಪಿನ ಹತ್ತಿರದ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಯಲ್ಲೇ ಪಂಪು ಹೊಡೆದ. ಇಂಜಿನ್ನು ಶುರುವಾಯಿತು. ಗಾಜಿನ ಬಟ್ಟಲಲ್ಲಿ ಡೀಸೆಲ್ಲು ತುಂಬಿ ಹೊಳೆಯಿತು. ಬೆನಕಪ್ಪನ ಮುಖ ಈಗಷ್ಟೇ ತೊಳೆದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಜಯದೇವಪ್ಪನವರು ಬಂದರು.

ಕೈ ಬೆನ್ನಿಗೆ ಕಟ್ಟಿಕೊಂಡು ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿದರು. ಎತ್ತಿನ ಹೆಗಲ ಮೇಲಿನ ಹಿಣಿಲು ತಟ್ಟುವಂತೆ ಬಾನೆಟ್ಟು ತಟ್ಟಿದರು. ಬಗ್ಗಿ ಬಾಣ ನೋಡಿದರು.

"ಇದು ಯಾವ ಕಡೆ ತೋರಿಸ್ತೈತೋ?"

"ಮುಂದಕ್ಕೆ."

"ಮುಂದೆ ಏನೈತೆ?"

"ಗೇಟು ಐತೆ."

"ಗೇಟು ಯಾವ ದಿಕ್ಕಿಗೈತೆ?"

"ದಕ್ಷಿಣಕ್ಕೆ."

ಬಗ್ಗಿದ್ದ ಜಯದೇವಪ್ಪನವರು ನೆಟ್ಟಗೆ ನಿಂತರು. ಆಮೇಲೆ, "ದಕ್ಷಿಣಕ್ಕೆ ಮುಖ, ಮೇಲಾಗಿ ಬಾಗಿಲಿಗೆ ಮುಖ. ಇಂಥ ಸುಳಿ ಇರೋ ಎತ್ತು ಬಿಟ್ಟಿ ಕೊಟ್ರೂ ನಾನು ಮುಟ್ಟಲ್ಲ. ಮನೆ ಲಕ್ಷ್ಮಿ ಹೊರಗೆ ಹೋಗ್ತಾಳೆ" ಎಂದರು.

"ಹೋಗಿ ತಿಂಗಳುಗಟ್ಲೆ ಆತಲ್ರಿ" ಎಂದೆ ನಾನು.

"ಹಂಗಾರೆ ಹೋದೋಳು ಬರಲ್ಲ ಅಂತ ಅರ್ಥ."

ಬೆನಕಪ್ಪನ ಮುಖದಲ್ಲಿ ಇದ್ದ ಬೆಳಕೆಲ್ಲ ಇಳಿದುಹೋಯಿತು. ಬೇರೆ ಏನು ಹೇಳಿದ್ದರೂ ಅವನು ನಕ್ಕು ಸುಮ್ಮನಾಗುತ್ತಿದ್ದ. ಅವನು ಹೆದರಿದ್ದ ಅದೊಂದನ್ನೇ ಅವರು ಹೇಳಿದ್ದರು. ತಕ್ಷಣ ಸ್ಪ್ಯಾನರು ಎತ್ತಿಕೊಂಡು ಕ್ಲಿಪ್ಪು ಸಡಿಲಿಸಿ, ಬಾಣ ಮನೆಯ ಕಡೆಗೆ, ಅಂದರೆ ಉತ್ತರಕ್ಕೆ ಬರುವಂತೆ ಫಿಲ್ಟರನ್ನು ಹಿಂದು ಮುಂದು ಮಾಡಿ ಸಿಗಿಸಿದ. "ಎಣ್ಣೆ ಹರಿಯೋದು?" ಎಂದೆ. "ಗಾಜಿಗೆ ಎದೆ ಯಾವ್ದು ಬೆನ್ನು ಯಾವ್ದು ಬಿಡಣ್ಣ" ಎಂದ.

ಎದೆ ಬೆನ್ನು ಇರುತ್ತದೆ ಎಂದು ಟ್ರ್ಯಾಕ್ಟರು ಮರುದಿನವೇ ತೋರಿಸಿತು. ಉಲ್ಟಾ ಹಾಕಿದ ಫಿಲ್ಟರಿನಲ್ಲಿ ಕಸ ಬಟ್ಟಲಿಗೆ ಇಳಿಯದೆ ಜಾಲರಿಗೆ ಒಳಗಿನಿಂದ ಮೆತ್ತಿಕೊಳ್ಳುತ್ತಿತ್ತು. ನಿಲ್ಲಿಸಿಟ್ಟಾಗ ಸ್ವಲ್ಪ ಉದುರುತ್ತಿತ್ತು, ಓಡಿಸಿದರೆ ಮತ್ತೆ ಮೆತ್ತಿಕೊಳ್ಳುತ್ತಿತ್ತು. ಬೆಳಿಗ್ಗೆ ಊರು ಬಿಟ್ಟು ಹೊಲಕ್ಕೆ ಚೆನ್ನಾಗಿ ಹೋಯಿತು, ವಾಪಸ್ಸು ಬರುವಾಗ ನಿಂತಿತು, ಕತ್ತಲಾದ ಮೇಲೆ ಪಂಪು ಹೊಡೆದು ಹೇಗೋ ತರಬೇಕಾಯಿತು. ಅದರ ಮರುದಿನವೂ ಹಾಗೇ. ಹೊಲ ಇರುವುದು ಊರಿನ ಉತ್ತರಕ್ಕೆ. ಊರಿಗೆ ಇಷ್ಟು ಸಾಕಾಯಿತು.

"ಬಾಣ ಉತ್ತರಕ್ಕೆ ಐತೆ, ಹಂಗಾಗಿ ಉತ್ತರಕ್ಕೆ ಹೋಗ್ತೈತೆ. ದಕ್ಷಿಣಕ್ಕೆ ಬರಂಗಿಲ್ಲ" ಎಂದು ಜಯದೇವಪ್ಪನವರು ತೀರ್ಪು ಕೊಟ್ಟರು. ಉತ್ತರದ ಹೊಲದವರು ಬೆಳಿಗ್ಗೆ ಬಂದು ಟ್ರೈಲರಿನಲ್ಲಿ ಹತ್ತಿಕೊಳ್ಳತೊಡಗಿದರು, ಸಂಜೆ ನಡೆದು ಬಂದರು. ಗ್ರಾಮಸೇವಕರು ಸೈಕಲ್ ನಿಲ್ಲಿಸಿ, ಇಲಾಖೆಯಲ್ಲಿ ಇಂಥದ್ದಕ್ಕೆ ಕಲಮು ಇಲ್ಲವಲ್ಲ ಎಂದು ಪೇಚಾಡಿದರು. ದಕ್ಷಿಣದ ಊರಿನಿಂದ ಮದುವೆ ದಿಬ್ಬಣಕ್ಕೆ ಟ್ರ್ಯಾಕ್ಟರು ಕೇಳಲು ಬಂದವರು ವಿಷಯ ತಿಳಿದು ಕಾಫಿ ಕುಡಿದು ಎದ್ದು ಹೋದರು.

ಬೆನಕಪ್ಪನ ಕಿವಿಗೆ ಇದಾವುದೂ ಬೀಳುತ್ತಿರಲಿಲ್ಲ. ಅವನ ತಲೆಯಲ್ಲಿ ಒಂದೇ ವಿಷಯ ಕೂತಿತ್ತು. ಒಂದು ದಿನ ಚಹದ ಅಂಗಡಿಯಲ್ಲಿ ಎಲ್ಲರ ಎದುರಿಗೆ ಕೇಳಿದ: "ಸೊಕ್ಕೆ ನಮಗೆ ಯಾವ ದಿಕ್ಕು?"

"ಉತ್ತರ. ಸ್ವಲ್ಪ ಪೂರ್ವಕ್ಕೆ ಓರೆ" ಎಂದರು ಜಯದೇವಪ್ಪನವರು.

"ಹಂಗಾರೆ ಹೋಗ್ತೈತೆ."

"ಬರೋದು ಹೆಂಗೋ?"

"ಹೋಗೋದು ಮುಖ್ಯ. ಬರೋದು ಆಮೇಲೆ ನೋಡಾಣ."

ಆ ಅಂಗಡಿಯ ಮೂಲೆಯಲ್ಲಿ ಹುಣಸೆಹಣ್ಣಿನ ವ್ಯಾಪಾರಿ ಜಂಪಣ್ಣ ಕೂತಿದ್ದ. ಜಗಳೂರಿನಿಂದ ಚನ್ನಗಿರಿಯವರೆಗೆ ಊರೂರು ತಿರುಗುವವನು, ಹುಣಸೆಹಣ್ಣು ಮಾರುತ್ತಿದ್ದ, ಸುದ್ದಿ ಬಿಟ್ಟಿ ಕೊಡುತ್ತಿದ್ದ. ಬೆನಕಪ್ಪ ಸೊಕ್ಕೆಗೆ ಹೊರಟಿದ್ದಾನೆ ಎಂದು ಹೊನ್ನಾಳಿಯಲ್ಲಿ ಹೇಳಿದ. ವಾಪಸ್ಸು ಬರುವುದಿಲ್ಲವಂತೆ ಎಂದು ದಾವಣಗೆರೆಯಲ್ಲಿ ಹೇಳಿದ. ಸೊಕ್ಕೆ ತಲುಪುವ ಹೊತ್ತಿಗೆ ಬೆನಕಪ್ಪ ಟ್ರ್ಯಾಕ್ಟರು ಸಮೇತ ಮಾವನ ಮನೆಗೆ ಮನೆಅಳಿಯನಾಗಿ ಬರುತ್ತಿದ್ದ.

ಅದೇ ಸುದ್ದಿ ಗಾಳಿಗಿಂತ ಮುಂಚೆ ಕೊಟ್ರಮ್ಮನ ಕಿವಿಗೂ ಮುಟ್ಟಿತು. ಮುದುಕಿ ನೇರ ನನ್ನ ಜಗಲಿಗೆ ಬಂದಳು. "ಲೋ ತಮ್ಮಾ, ಸೊಸೆ ಹೋದ್ಲು, ಈಗ ಮಗನೂ ಹೋಗ್ತಾನಂತೆ. ನೀನೂ ಅವನ ಜೊತಿಗೆ ಹೋಗು. ಇಬ್ರನ್ನೂ ಕರ್ಕೊಂಡು ಬಾ. ಒಬ್ಬನ್ನೇ ಕರ್ಕೊಂಡು ಬಂದ್ರೆ ಒಳಗೆ ಬಿಡಲ್ಲ" ಎಂದಳು. ಹೊಲಿಯದೆ ಬಿದ್ದ ಎರಡು ಜುಬ್ಬ ಹಾಗೇ ಬಿಟ್ಟು ನಾನು ಹೊರಟೆ.

ಗುರುವಾರ ಬೆಳಕು ಹರಿಯುವಾಗ ಹೊರಟೆವು. ನಾನು ಮಡ್‌ಗಾರ್ಡಿನ ಮೇಲೆ. ಕೊಟ್ಟಿಗೆಯ ಮೊಳೆ ಬರಿದಾಗಿತ್ತು, ಅದನ್ನು ನೋಡಿದೆ, ಕೇಳಲಿಲ್ಲ. ಹೊನ್ನಾಳಿಯ ಸೇತುವೆ ದಾಟುತ್ತಲೇ ಟ್ರ್ಯಾಕ್ಟರು ನಿಂತಿತು. ಬೆನಕಪ್ಪ ಇಳಿದು ಸೂರ್ಯನನ್ನು ನೋಡಿ, "ರಸ್ತೆ ಇಲ್ಲಿ ಒಂಚೂರು ದಕ್ಷಿಣಕ್ಕೆ ತಿರುಗೈತೆ" ಎಂದ. ಸ್ಕ್ರೂ ಬಿಚ್ಚಿದ, ಪಂಪು ಹೊಡೆದ, ಹೊರಟೆವು. ಮುಂದೆ ಮತ್ತೆ ನಿಂತಿತು. ಅಲ್ಲಿಯೂ ರಸ್ತೆಯದೇ ತಪ್ಪು. ದಾವಣಗೆರೆ ದಾಟುವಷ್ಟರಲ್ಲಿ ಈ ರಸ್ತೆ ಹಾಕಿದ ಇಂಜಿನಿಯರನ್ನು ಅವನು ಬಾಯಿತುಂಬ ಬೈದಿದ್ದ. ಪ್ರತಿ ಸಲ ನಿಂತಾಗಲೂ ಸುತ್ತ ಜನ ಸೇರುವರು, ನಾನು ಚಹ ಕುಡಿಯುವೆನು.

ಒಂದು ಕಡೆ ಪಂಪು ಹೊಡೆಯುತ್ತ ಕೂತವನು ತಲೆ ಎತ್ತದೆ ಹೇಳಿದ: "ಅವಳಿದ್ದಾಗ ಈ ಟ್ರ್ಯಾಕ್ಟರ್ ಒಂದಿನಾನೂ ನಿಂತಿಲ್ಲ ಅಣ್ಣ."

"ಗೊತ್ತಿದ್ರೆ ಮತ್ಯಾಕೆ ಅಂದೆ ಆ ಮಾತು?"

"ಜನ ಇದ್ರಲ್ಲ" ಎಂದ. "ಮನ್ಯಾಗೆ ಇರಾಕೆ ಆಗ್ತಿಲ್ಲ. ಅವಳು ಬೈಯೋದಾದ್ರೂ ಕೇಳ್ಬೇಕು ಅನಿಸ್ತೈತೆ."

ಸೊಕ್ಕೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಾವ ಷಣ್ಮುಖಪ್ಪನವರು ಕೊಟ್ಟಿಗೆ ಗುಡಿಸಿ, ಎಮ್ಮೆಗಳನ್ನು ಹೊರಗೆ ಕಟ್ಟಿ, ಮಾವಿನ ತೋರಣ ಕಟ್ಟಿದ್ದರು. "ಬರ್ರಿ ಅಳಿಯಂದಿರೇ, ನಿಮ್ದೇ ಮನೆ ಅನ್ಕೊಳ್ರಿ" ಎಂದರು. ಬಾಮೈದ ನಾಗರಾಜಪ್ಪ ಟ್ರ್ಯಾಕ್ಟರಿನ ಟೈರಿಗೆ ನೀರು ಹಾಕಿ, ಇವನ ಕಾಲಿಗೆ ಆಮೇಲೆ ಕೊಟ್ಟ.

"ನಾನು ಕರ್ಕೊಂಡು ಹೋಗಾಕೆ ಬಂದೀನಿ" ಎಂದ ಬೆನಕಪ್ಪ.

"ಯಾರನ್ನ?" ಎಂದರು ಮಾವ. "ನಿಮ್ಮ ಟ್ರ್ಯಾಕ್ಟರ್ ದಕ್ಷಿಣಕ್ಕೆ ಹೋಗಲ್ಲವಂತಲ್ಲ. ಅದೂ ಅಲ್ದೆ ನಾಳೆ ಶುಕ್ರವಾರ. ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನ ಕಳಿಸೋ ಪದ್ಧತಿ ನಮ್ಮ ಕಡೆ ಇಲ್ಲ."

ಶುಕ್ರವಾರ ಇಡೀ ದಿನ ಸೊಕ್ಕೆಯ ಜನ ಹೊಸ ಮನೆಅಳಿಯನನ್ನು ನೋಡಲು ಬಂದರು. ಹೊಸ ಎತ್ತು ತಂದ ಮನೆಯಲ್ಲಿ ಕೇಳುವಂತೆ, ಮೇವು ಒಗ್ಗಿತಾ, ನೀರು ಒಗ್ಗಿತಾ ಎಂದು ಕ್ಷೇಮ ವಿಚಾರಿಸಿದರು. ಊರ ಶಾನುಭೋಗರು ಬಂದು ರೇಷನ್ ಕಾರ್ಡು ಇಲ್ಲಿಗೆ ವರ್ಗ ಮಾಡಿಸಬೇಕಾ ಎಂದು ಕೇಳಿದರು. ನಾಗರಾಜಪ್ಪ ತನ್ನ ಶೇಂಗಾ ಹೊಲದ ಉಳುಮೆಯ ಜೊತೆಗೆ ಇನ್ನೂ ಮೂರು ಜನರ ಹೊಲ ಒಪ್ಪಿಕೊಂಡುಬಿಟ್ಟಿದ್ದ. ಬೆನಕಪ್ಪ ಬಾಯಿ ತೆಗೆದಾಗಲೆಲ್ಲ, "ಸಂಕೋಚ ಬ್ಯಾಡ್ರಿ" ಎಂದು ತಟ್ಟೆಗೆ ಇನ್ನೊಂದು ಹೋಳಿಗೆ ಬೀಳುತ್ತಿತ್ತು.

ಸರ್ವಮಂಗಳಮ್ಮ ಹೊರಗೆ ಬರಲಿಲ್ಲ. ಗಂಡ ತನ್ನನ್ನು ಕರೆಯಲು ಬಾರದೆ ತವರಿನಲ್ಲಿ ಠಿಕಾಣಿ ಹೂಡಲು ಬಂದಿದ್ದಾನೆಂದು ಅವಳಿಗೆ ನಾಚಿಕೆ, ಸಿಟ್ಟು. ಒಮ್ಮೆ ಮಾತ್ರ ಬಾಗಿಲ ಸಂದಿಯಿಂದ ಬಳೆ ತೊಟ್ಟ ಕೈಯೊಂದು ನೀರಿನ ಚೊಂಬು ಇಟ್ಟು ಹೋಯಿತು. ಬೆನಕಪ್ಪ ಚೊಂಬು ಹಿಡಿದುಕೊಂಡು ಬಾಗಿಲು ನೋಡುತ್ತ ಕೂತ. ನೀರು ನಾನೇ ಕುಡಿದೆ.

ಶನಿವಾರ ಬೆಳಿಗ್ಗೆ ನಾಗರಾಜಪ್ಪ ನೇಗಿಲು ಎಳೆದು ತಂದ. "ಭಾವ, ನಡೀರಿ ಹೊಲಕ್ಕೆ."

"ಹೊಲ ಯಾವ ದಿಕ್ಕಿಗೈತೆ?" ಎಂದರು ಷಣ್ಮುಖಪ್ಪನವರು.

"ದಕ್ಷಿಣಕ್ಕೆ."

ಎಲ್ಲರೂ ಮುಖ ಮುಖ ನೋಡಿಕೊಂಡರು. ನಾಗರಾಜಪ್ಪ ಅಷ್ಟಕ್ಕೆ ಬಿಡುವವನಲ್ಲ. "ಮುಖ ಉತ್ತರಕ್ಕೆ ಇಟ್ಕೊಂಡು ರಿವರ್ಸ್ ಗೇರ್‌ನಾಗೆ ಹೊಡ್ಕೊಂಡು ಹೋದ್ರೆ?" ಎಂದ. ಇದು ಸರಿಯಾದ ಮಾತು ಎಂದು ಊರು ಒಪ್ಪಿತು. ರಿವರ್ಸಿನಲ್ಲಿ ಉಳುವಾಗ ನೇಗಿಲು ಎಲ್ಲಿ ಕಟ್ಟಬೇಕು ಎಂಬ ಚರ್ಚೆ ಬಿಸಿಯಾಗುತ್ತಿದ್ದಾಗ ಒಳಗಿನಿಂದ ಸರ್ವಮಂಗಳಮ್ಮ ಬಂದಳು. ಯಾರನ್ನೂ ನೋಡದೆ ನೇರ ಟ್ರ್ಯಾಕ್ಟರಿನ ಹತ್ತಿರ ಹೋಗಿ ಬಗ್ಗಿ ಫಿಲ್ಟರು ನೋಡಿದಳು.

"ಎಣ್ಣೆ ಟ್ಯಾಂಕಿನಿಂದ ಮುಂದಕ್ಕೆ ಬರೋದು. ಬಾಣ ಹಿಂದಕ್ಕೆ ಐತೆ. ಯಾರು ಉಲ್ಟಾ ಹಾಕಿದ್ದು?"

"ಉತ್ತರಕ್ಕೆ ಇರ್ಲಿ ಅಂತ" ಎಂದ ಬೆನಕಪ್ಪ.

"ಮನ್ಯಾಗೆ ನಿಂತಾಗ ಉತ್ತರ. ಉತ್ತರಕ್ಕೆ ಹೊರಟು ಬಂದ್ರೆ ಬಾಣ ದಕ್ಷಿಣಕ್ಕೆ ತಿರುಗ್ತೈತಲ್ರಿ. ದಾರಿ ಪೂರ್ತಿ ಅದು ಹಿಂದಕ್ಕೆ, ನಮ್ಮೂರಿಗೇ ತೋರಿಸ್ಕೊಂಡು ಬಂದೈತೆ. ಯಾರೂ ನೋಡ್ಲಿಲ್ವಾ?"

ನಾನು ಆಕಾಶ ನೋಡಿದೆ. ನ್ಯಾಮತಿಯಿಂದ ಸೊಕ್ಕೆಯವರೆಗೆ ಅಷ್ಟು ಜನ, ಒಬ್ಬ ಸುಳಿಶಾಸ್ತ್ರಿ, ಒಬ್ಬ ಗ್ರಾಮಸೇವಕ, ಒಬ್ಬ ಟೇಲರು, ಟ್ರ್ಯಾಕ್ಟರು ತಿರುಗಿದರೆ ಬಾಣವೂ ತಿರುಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

"ಯಾತಕ್ಕೆ ಉಲ್ಟಾ ಹಾಕಿದ್ರಿ?" ಎಂದಳು ಮತ್ತೆ, ಈ ಸಲ ಮೆಲ್ಲಗೆ.

ಬೆನಕಪ್ಪ ಸುತ್ತ ನೋಡಿದ. ಜನ ಇದ್ದರು, ಬೇಕಾದಷ್ಟು ಇದ್ದರು. "ಬಾಗಿಲ ಕಡೆ ಬಾಣ ಇದ್ರೆ ನೀನು ಬರಲ್ಲ ಅಂದ್ರು" ಎಂದ. "ನೀನಿಲ್ದೆ ಆಗಲ್ಲ ಕಣೆ. ಆವತ್ತು ಅಂದದ್ದು ತಪ್ಪು ಮಾತು." ಅಂಗಿಯೊಳಗೆ ಕೈ ಹಾಕಿ ನೀಲಿ ಸೀರೆ ತುಂಡು ತೆಗೆದ. ಒಗೆದು ಮಡಿಸಿಟ್ಟುಕೊಂಡಿದ್ದ.

ಸರ್ವಮಂಗಳಮ್ಮ ಅದನ್ನು ತೆಗೆದುಕೊಂಡು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಲಾಳಿಕೆ ತರ್ರಿ" ಎಂದಳು.

ಟ್ಯಾಂಕಿನ ಡೀಸೆಲ್ಲನ್ನೆಲ್ಲ ಬಕೆಟ್ಟಿಗೆ ಇಳಿಸಿದರು. ಬೆನಕಪ್ಪ ಜಾಲರಿ ತೊಳೆದು ಫಿಲ್ಟರನ್ನು ಸರಿಯಾಗಿ ಸಿಗಿಸಿದ. ಅವಳು ಬಟ್ಟೆ ಹಿಡಿದಳು, ಅವನು ಸುರಿದ. "ನಿಧಾನಕ್ಕೆ ಸುರೀರಿ" ಎಂದಳು. ಅವನು ಎಷ್ಟು ನಿಧಾನ ಮಾಡಿದನೆಂದರೆ ನಾಗರಾಜಪ್ಪ ನೇಗಿಲಿನ ಮೇಲೆ ಕೂತು ಎರಡು ಬೀಡಿ ಸೇದಿದ.

"ಗಾಜು ಇನ್ನು ಬ್ಯಾಡ, ತೆಗೆದು ಬಿಸಾಕ್ತೀನಿ" ಎಂದ ಬೆನಕಪ್ಪ.

"ಇರ್ಲಿ ಬಿಡ್ರಿ. ಅದೂ ಇರ್ಲಿ, ನಾನೂ ಇರ್ತೀನಿ."

"ಅಲ್ಲಮ್ಮ, ಈಗ ಬಾಣ ದಕ್ಷಿಣಕ್ಕೆ ಆಗ್ತೈತಲ್ಲ" ಎಂದು ಷಣ್ಮುಖಪ್ಪನವರು ಕೊನೆಯ ಪ್ರಯತ್ನ ಮಾಡಿದರು.

"ಆಗ್ಲಿ ಅಪ್ಪಾಜಿ. ನಮ್ಮನೆ ಇರೋದೇ ಅಲ್ಲಿ" ಎಂದಳು ಸರ್ವಮಂಗಳಮ್ಮ. "ನಾನೂ ಅಲ್ಲಿಗೇ ಹೋಗ್ಬೇಕು."

ತಾಯಿ ಉಡಿ ತುಂಬಿ ಕಳಿಸಿದಳು. ಹೊರಡುವಾಗ ಆ ತಾಯಿಯೇ ನನ್ನ ಹತ್ತಿರ ಹೇಳಿದಳು, ಬೀದಿಯಲ್ಲಿ ಯಾವ ಟ್ರ್ಯಾಕ್ಟರ್ ಸದ್ದಾದರೂ ಮಗಳು ಹಿತ್ತಿಲಿನಿಂದ ಮುಂಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ. ಇದನ್ನು ನಾನು ದಾರಿಯಲ್ಲಿ ಬೆನಕಪ್ಪನ ಕಿವಿಗೆ ಹಾಕಿದೆ. ಅವನು ರಸ್ತೆ ಹಾಕಿದ ಇಂಜಿನಿಯರನ್ನು ಬಾಯಿತುಂಬ ಹೊಗಳಿದ. ಟ್ರ್ಯಾಕ್ಟರು ಎಲ್ಲೂ ನಿಲ್ಲಲಿಲ್ಲ, ನನಗೆ ಚಹವೂ ಸಿಗಲಿಲ್ಲ.

ಊರು ಮುಟ್ಟಿದಾಗ ಗೇಟಿನ ಹತ್ತಿರ ಕೊಟ್ರಮ್ಮನೂ ಜಯದೇವಪ್ಪನವರೂ ನಿಂತಿದ್ದರು. ಯಾವಾಗಲೂ ರಿವರ್ಸ್ ಮಾಡಿ ನಿಲ್ಲಿಸುತ್ತಿದ್ದ ಬೆನಕಪ್ಪ ಅವತ್ತು ಮೂತಿ ಮುಂದಾಗಿ ನೇರ ಒಳಕ್ಕೆ ಹೊಡೆದ. ಜಯದೇವಪ್ಪನವರು ಬಗ್ಗಿ ನೋಡಿದರು. ಬಾಣ ಅಡುಗೆ ಮನೆಯ ಕಡೆ ತೋರಿಸುತ್ತಿತ್ತು. "ನಾನು ಹೇಳಲಿಲ್ವಾ, ಸುಳಿ ಸರಿ ಆದ್ರೆ ಎಲ್ಲ ಸರಿ ಆಗ್ತೈತೆ ಅಂತ" ಎಂದರು.

ಕೊಟ್ರಮ್ಮ ಸೊಸೆಯ ಕೈ ಹಿಡಿದುಕೊಂಡು, "ಬಂದ್ಯಾ" ಎಂದಳು. ಅಷ್ಟೇ ಅಂದಳು. ಸರ್ವಮಂಗಳಮ್ಮ ಹೂಂಗುಟ್ಟಿ, ಮನೆಯೊಳಗೆ ಹೋಗುವ ಮುಂಚೆ ಕೊಟ್ಟಿಗೆಗೆ ಹೋಗಿ ನೀಲಿ ಬಟ್ಟೆಯನ್ನು ಕೊಡವಿ ಮೊಳೆಗೆ ನೇತುಹಾಕಿದಳು. ಬೆನಕಪ್ಪ ಗಾಜಿನ ಬಟ್ಟಲು ಒರೆಸುವ ನೆಪದಲ್ಲಿ ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.